ಇಎಸ್‌ಪಿ32 ಬೋರ್ಡ್ ಲ್ಯಾಪ್‌ಟಾಪ್‌ಗೆ ಕಾಣಿಸುತ್ತಿಲ್ಲ. ವಾಪಸ್ ಕೊಟ್ಟು 8051 ಕಿಟ್ ಕೊಳ್ಳಲೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಚಿತ್ರದುರ್ಗದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೀರಿ. ಕಾಲೇಜಿನ ಪ್ರಯೋಗಾಲಯದಲ್ಲಿರುವುದು 8051 ಎಂಬ ಹಳೆಯ ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ಓಡಿಸುವ ಚಿಕ್ಕ ನಿಯಂತ್ರಕ ಚಿಪ್) ಇರುವ ಕಿಟ್, ನೀವು ತರಿಸಿಕೊಂಡದ್ದು ಅಂಥದೇ ಆದರೆ ಹೊಸದಾದ, ವೈ-ಫೈ ಇರುವ ಇಎಸ್‌ಪಿ32. ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಕೆಂಪು ದೀಪ ಉರಿಯುತ್ತದೆ, ಬೋರ್ಡಿನೊಡನೆ ಮಾತನಾಡಲು ಬೇಕಾದ ಪೋರ್ಟ್ ಮಾತ್ರ ಕಾಣಿಸುವುದಿಲ್ಲ. ಸೀನಿಯರ್ ಒಬ್ಬರು ‘ತಪ್ಪು ಬೋರ್ಡ್ ತಂದಿದ್ದೀಯ, ವಾಪಸ್ ಕೊಡು’ ಎಂದಿದ್ದಾರೆ. ನಿಮ್ಮ ಆಸೆ ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಬೋರ್‌ವೆಲ್‌ನದು: ತ್ರೀ ಫೇಸ್ ಬಂತೇ, ಮೋಟರ್ ನೀರೆತ್ತುತ್ತಿದೆಯೇ ಎಂಬುದು ಮನೆಯಲ್ಲೇ ತಿಳಿಯಬೇಕು, ತಂದೆಯವರು ರಾತ್ರಿ ತೋಟಕ್ಕೆ ನಡೆಯುವುದು ತಪ್ಪಬೇಕು.

ವಾಪಸ್ ಕೊಡಬೇಡಿ. ದಾವಣಗೆರೆಯಲ್ಲಿ ಪಂಪ್‌ಸೆಟ್ ಪ್ಯಾನೆಲ್ ಜೋಡಿಸುವುದು ನನ್ನ ಕೆಲಸ. ಇದೇ ಚಿಪ್ಪನ್ನು ದಿನವೂ ಬಳಸುತ್ತೇನೆ. ನಿಮ್ಮ ಕೆಲಸಕ್ಕೆ ಅದು ಸರಿಯಾದ ಬೋರ್ಡ್. ಆದರೆ ಸೆನ್ಸರ್, ರಿಲೇ ಎಲ್ಲವನ್ನೂ ಈಗಲೇ ಜೋಡಿಸಲು ಹೋಗಬೇಡಿ. ನೀವು ಬರೆದದ್ದು ಚಿಪ್ಪಿಗೆ ತಲುಪಬೇಕು, ಚಿಪ್ ಹೇಳಿದ್ದು ನಿಮಗೆ ಕಾಣಬೇಕು. ಆ ಹಾದಿ ಗಟ್ಟಿಯಾಗುವವರೆಗೆ ಬೋರ್ಡಿಗೆ ಬೇರೆ ಒಂದು ತಂತಿಯೂ ಬೇಡ.

ಕೆಂಪು ದೀಪ ಹೇಳುವುದು ವಿದ್ಯುತ್ ಬರುತ್ತಿದೆ ಎಂದಷ್ಟೇ. ಯುಎಸ್‌ಬಿ ಕೇಬಲ್‌ನಲ್ಲಿ ವಿದ್ಯುತ್ತಿಗೆ ಎರಡು ತಂತಿ, ಮಾಹಿತಿಗೆ ಎರಡು ತಂತಿ ಇರಬೇಕು. ಚಾರ್ಜಿಂಗ್‌ಗೆಂದೇ ಮಾಡಿದ ಅಗ್ಗದ ಕೇಬಲ್‌ಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ‘ನನ್ನ ಬೋರ್ಡ್ ಸತ್ತಿದೆ’ ಎಂದು ತರುವವರಲ್ಲಿ ಬಹಳ ಜನರ ತೊಂದರೆ ಇದೇ. ಮೊಬೈಲಿನಿಂದ ಕಂಪ್ಯೂಟರ್‌ಗೆ ಫೋಟೊ ಸಾಗಿಸಲು ಬಳಸಿದ ಕೇಬಲ್ ಮನೆಯಲ್ಲಿದ್ದರೆ ಮೊದಲು ಅದನ್ನು ಹಾಕಿ ನೋಡಿ.

ಆಮೇಲೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಬೋರ್ಡನ್ನು ಚುಚ್ಚಿ, ತೆಗೆಯಿರಿ. ಪಟ್ಟಿ ಅಲುಗಾಡದಿದ್ದರೆ ಇನ್ನೂ ಕೇಬಲ್ ಅಥವಾ ಸಾಕೆಟ್ಟಿನ ಮೇಲೆಯೇ ಅನುಮಾನ ಪಡಿ. ಹಳದಿ ಗುರುತಿನೊಂದಿಗೆ ಹೊಸ ಹೆಸರು ಬಂದರೆ ಕೇಬಲ್ ಸರಿಯಿದೆ, ಬೋರ್ಡನ್ನು ಗುರುತಿಸುವ ತಂತ್ರಾಂಶ, ಅಂದರೆ ಡ್ರೈವರ್, ಇಲ್ಲ ಎಂದರ್ಥ. ಯುಎಸ್‌ಬಿ ಸಾಕೆಟ್ಟಿನ ಪಕ್ಕದ ಚಿಕ್ಕ ಚಿಪ್ಪಿನ ಮೇಲೆ ಏನು ಬರೆದಿದೆ ಎಂದು ಮೊಬೈಲ್ ಕ್ಯಾಮೆರಾ ಹಿಗ್ಗಿಸಿ ಓದಿ. ಸಾಮಾನ್ಯವಾಗಿ ಅದು ಸಿಪಿ2102 ಅಥವಾ ಸಿಎಚ್‌340. ಮೊದಲನೆಯದರ ಡ್ರೈವರ್ ಸಿಲಿಕಾನ್ ಲ್ಯಾಬ್ಸ್‌ನವರ ತಾಣದಲ್ಲಿ, ಎರಡನೆಯದರದು ಡಬ್ಲ್ಯುಸಿಎಚ್‌ನವರ ತಾಣದಲ್ಲಿ ಸಿಗುತ್ತದೆ. ಡ್ರೈವರ್ ಹೆಸರಿನಲ್ಲಿ ಏನೇನೋ ಇಳಿಸಿಕೊಡುವ ಬೇರೆ ತಾಣಗಳ ಹತ್ತಿರ ಹೋಗಬೇಡಿ.

ಉಬುಂಟು ಬಳಸುವವರಿಗೆ ಡ್ರೈವರ್ ಹುಡುಕುವ ಕೆಲಸವಿಲ್ಲ. ಅಲ್ಲಿ ಅಡ್ಡ ಬರುವುದು ಅನುಮತಿ: ನಿಮ್ಮ ಬಳಕೆದಾರ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಬರಬೇಕು. ಉಬುಂಟು 22.04ರಲ್ಲಿ ಬ್ರೈಲ್ ಫಲಕಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಸಿಎಚ್‌340 ಚಿಪ್ಪನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ಪೋರ್ಟ್ ಒಂದು ಕ್ಷಣ ಕಾಣಿಸಿ ಮಾಯವಾಗುತ್ತದೆ. ನಿಮ್ಮಲ್ಲಿ ಬ್ರೈಲ್ ಫಲಕ ಬಳಸುವವರಿಲ್ಲದಿದ್ದರೆ ಆ ಸೇವೆಯನ್ನು ತೆಗೆದುಹಾಕಿ.

ಪೋರ್ಟ್ ಕಂಡ ಮೇಲೆ, ಪ್ರೋಗ್ರಾಂ ಬರೆದು ಚಿಪ್ಪಿಗೆ ಕಳಿಸುವ ಆರ್ಡುಯಿನೊ ಐಡಿಇ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರ ಬೋರ್ಡ್ ಮ್ಯಾನೇಜರ್‌ನಲ್ಲಿ ಇಎಸ್‌ಪಿ32 ಎಂದು ಹುಡುಕಿ, ಚಿಪ್ ತಯಾರಿಸುವ ಎಸ್ಪ್ರೆಸಿಫ್ ಕಂಪನಿಯದೇ ಆದ ಪ್ಯಾಕೇಜನ್ನು ಸ್ಥಾಪಿಸಿ. ಇಳಿಸಬೇಕಾದದ್ದು ನೂರಾರು ಎಂಬಿ ಇರುತ್ತದೆ; ಮೊಬೈಲ್ ಡೇಟಾ ಸುಡುವುದಕ್ಕಿಂತ ಕಾಲೇಜಿನ ವೈ-ಫೈನಲ್ಲಿ ಮಾಡುವುದು ಒಳ್ಳೆಯದು. ಬೋರ್ಡ್ ಆಯ್ಕೆಯಲ್ಲಿ ‘ಇಎಸ್‌ಪಿ32 ಡೆವ್ ಮಾಡ್ಯೂಲ್’ ಎಂದಿರಲಿ.

ಅಪ್‌ಲೋಡ್ ಒತ್ತಿದಾಗ ‘ಕನೆಕ್ಟಿಂಗ್’ ಎಂದು ಬಂದು ಮುಂದೆ ಚುಕ್ಕಿಗಳು ಬೀಳುತ್ತಲೇ ಹೋಗಿ ಕೊನೆಗೆ ವಿಫಲವಾದರೆ ಗಾಬರಿ ಬೇಡ. ಈ ಚಿಪ್ ಎಚ್ಚರಗೊಳ್ಳುವ ಗಳಿಗೆಯಲ್ಲಿ ತನ್ನ ಜಿಪಿಐಒ 0 ಎಂಬ ಕಾಲನ್ನು (ಪಿನ್) ನೋಡುತ್ತದೆ; ಸಂಕೇತ ಒಳಬರುವ, ಹೊರಹೋಗುವ ಕಾಲುಗಳಿಗೆ ಜಿಪಿಐಒ ಎಂದು ಹೆಸರು. ಅದು ನೆಲಮಟ್ಟದಲ್ಲಿದ್ದರೆ (ಸೊನ್ನೆ ವೋಲ್ಟ್) ಹೊಸ ಪ್ರೋಗ್ರಾಂ ಪಡೆಯಲು ಕಾಯುತ್ತದೆ, ಮೇಲಿದ್ದರೆ ಹಳೆಯದನ್ನು ಓಡಿಸುತ್ತದೆ. ಬೋರ್ಡಿನಲ್ಲಿರುವ ಎರಡು ಟ್ರಾನ್ಸಿಸ್ಟರ್‌ಗಳು ಈ ಕೆಲಸವನ್ನು ತಾವೇ ಮಾಡಬೇಕು, ಆದರೆ ಕೆಲವು ಬೋರ್ಡುಗಳಲ್ಲಿ ಅವುಗಳ ಸಮಯ ತಪ್ಪುತ್ತದೆ. ಚುಕ್ಕಿಗಳು ಶುರುವಾದೊಡನೆ ‘ಬೂಟ್’ ಗುಂಡಿಯನ್ನು ಒತ್ತಿ ಹಿಡಿಯಿರಿ, ಬರವಣಿಗೆ ಆರಂಭವಾದ ಮೇಲೆ ಬಿಡಿ. ಪ್ರತಿ ಸಲವೂ ಹೀಗೆ ಮಾಡಬೇಕಾಗಿ ಬಂದರೆ ಚಿಪ್ಪನ್ನು ರೀಸೆಟ್ ಮಾಡುವ ಇಎನ್ ಕಾಲು ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಬಹುತೇಕ ಸರಿಹೋಗುತ್ತದೆ.

ಮೊದಲ ಪ್ರೋಗ್ರಾಂ ದೀಪ ಮಿಣುಕಿಸುವುದೇ ಆಗಬೇಕೆಂದಿಲ್ಲ. ಕೆಲವು ಬೋರ್ಡುಗಳಲ್ಲಿ ನಾವು ನಿಯಂತ್ರಿಸಬಹುದಾದ ದೀಪವೇ ಇರುವುದಿಲ್ಲ. ಸೆಕೆಂಡಿಗೊಂದು ಸಂಖ್ಯೆಯನ್ನು ಸೀರಿಯಲ್ ಮಾನಿಟರ್‌ಗೆ (ಚಿಪ್ ಹೇಳಿದ್ದನ್ನು ತೋರಿಸುವ ಐಡಿಇಯ ಕಿಟಕಿ) ಕಳಿಸುವ ನಾಲ್ಕು ಸಾಲು ಬರೆಯಿರಿ, ವೇಗ ಸೆಕೆಂಡಿಗೆ 115200 ಬಿಟ್ ಇಡಿ. ಈಗ ಇಎನ್ ಗುಂಡಿ ಒತ್ತಿ, ಚಿಪ್ ಏಳುವಾಗ ತಾನಾಗಿ ಹೇಳುವ ಸಾಲುಗಳನ್ನು ಓದಿ. ಯಾಕೆ ರೀಸೆಟ್ ಆಯಿತು ಎಂಬುದು ಅಲ್ಲೇ ಇರುತ್ತದೆ. ಅರ್ಥವಾಗದ ಗೊಂಚಲು ಅಕ್ಷರ ಬಂದರೆ ವೇಗ ಹೊಂದಿಲ್ಲ. ‘ಬ್ರೌನ್‌ಔಟ್’ ಎಂಬ ಪದ ಕಂಡರೆ ವಿದ್ಯುತ್ ಸಾಲುತ್ತಿಲ್ಲ: ವೈ-ಫೈ ಮಾತನಾಡುವಾಗ ಈ ಚಿಪ್ ಕ್ಷಣಮಾತ್ರಕ್ಕೆ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ, ತೆಳ್ಳಗಿನ ಕೇಬಲ್‌ನಲ್ಲಿ ವೋಲ್ಟೇಜ್ ಕುಸಿಯುತ್ತದೆ. ತಯಾರಕರು ಕನಿಷ್ಠ 500 ಮಿಲಿಆಂಪಿಯರ್ ಕೊಡಬಲ್ಲ ಪೂರೈಕೆ ಇರಲಿ ಎಂದು ಹೇಳುವುದು ಇದಕ್ಕೇ. ಈ ಸಾಲುಗಳನ್ನು ಓದುವ ಅಭ್ಯಾಸ ಹತ್ತಿಸಿಕೊಂಡವರು ಮುಂದೆ ಯಾರನ್ನೂ ಕೇಳಬೇಕಾಗುವುದಿಲ್ಲ ಎನ್ನುವಷ್ಟು ನನಗೆ ಅದರ ಮೇಲೆ ನಂಬಿಕೆಯಿದೆ.

ಇನ್ನು 8051. ಅದನ್ನು ಹಳೆಯದೆಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಇಂಟೆಲ್ ಅದನ್ನು ತಂದದ್ದು 1980ರಲ್ಲಿ. ಒಳಗಿನ ರ‍್ಯಾಮ್ 128 ಬೈಟ್ ಮಾತ್ರ, ನಿಮ್ಮ ಇಎಸ್‌ಪಿ32ರಲ್ಲಿ 520 ಕಿಲೋಬೈಟ್ ಇದೆ. ಆದರೂ ಚಿಪ್ಪಿನೊಳಗೆ ಏನು ನಡೆಯುತ್ತದೆ ಎಂದು ಕೈಯಾರೆ ಮುಟ್ಟಿ ತಿಳಿಯಲು ಅದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಕಾಲೇಜಿನ ಕಿಟ್ಟಿನಲ್ಲಿ ಗಡಿಯಾರದ ಬಡಿತ ಕೊಡುವ ಹರಳಿನ ಮೇಲೆ 11.0592 ಎಂದು ಕೆತ್ತಿರುವುದನ್ನು ನೋಡಿರುತ್ತೀರಿ. ಅದು ಮೆಗಾಹರ್ಟ್ಸ್. ದುಂಡಗೆ 12 ಯಾಕಿಲ್ಲ? ಲೆಕ್ಕ ಹಾಕಿ: ಮೂಲ 8051ರಲ್ಲಿ ಹನ್ನೆರಡು ಗಡಿಯಾರದ ಬಡಿತಕ್ಕೆ ಒಂದು ಮಶೀನ್ ಸೈಕಲ್, ಆದ್ದರಿಂದ 12ರಿಂದ ಭಾಗಿಸಿದರೆ ಸೆಕೆಂಡಿಗೆ 9,21,600. ಸೀರಿಯಲ್ ಘಟಕ ಅದನ್ನು 32ರಿಂದ ಭಾಗಿಸುತ್ತದೆ: 28,800. ಟೈಮರ್ ಮೂರಕ್ಕೊಮ್ಮೆ ತುಂಬುವಂತೆ ಇಟ್ಟರೆ ಸರಿಯಾಗಿ 9,600, ಸೀರಿಯಲ್ ಮಾತುಕತೆಯ ರೂಢಿಯ ವೇಗ. ಅದೇ 12 ಮೆಗಾಹರ್ಟ್ಸ್ ಹಾಕಿದ್ದರೆ 10,416 ಬರುತ್ತಿತ್ತು, ಶೇಕಡ 8ಕ್ಕೂ ಹೆಚ್ಚು ವ್ಯತ್ಯಾಸ. ಆ ಕಡೆಯ ಕಂಪ್ಯೂಟರ್‌ಗೆ ಕಸದಂತಹ ಅಕ್ಷರಗಳೇ ಕಾಣುತ್ತಿದ್ದವು. ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರಿಗೆ ಸೀರಿಯಲ್ ಮಾನಿಟರ್‌ನಲ್ಲಿ ಕಸ ಬಂದಾಗ ಏನೂ ಹೊಳೆಯುವುದಿಲ್ಲ, ಅರ್ಥ ಮಾಡಿಕೊಂಡವರಿಗೆ ತಕ್ಷಣ ಹೊಳೆಯುತ್ತದೆ. ಅದಕ್ಕಾಗಿ ಹಣ ಕೊಟ್ಟು ಇನ್ನೊಂದು ಕಿಟ್ ಕೊಳ್ಳುವುದು ಬೇಡ, ಪ್ರಯೋಗಾಲಯದಲ್ಲಿ ಇರುವುದೇ ಸಾಕು. ಮನೆಯಲ್ಲಿ ಅಭ್ಯಾಸಕ್ಕೆ ಎಸ್‌ಡಿಸಿಸಿ ಎಂಬ ಉಚಿತ ಕಂಪೈಲರ್ ಇದೆ.

ಹೊರಗಿನ ತಂತಿಗಳಿಗೆ ಬರೋಣ. ಬೋರ್ಡ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕಾಲೇಜಿನ 8051 ಕಿಟ್ 5 ವೋಲ್ಟಿನದು, ನಿಮ್ಮದು 3.3 ವೋಲ್ಟಿನದು. ಅಲ್ಲಿ ಬಳಸಿದ 5 ವೋಲ್ಟಿನ ಸೆನ್ಸರ್ ತಂದು ನೇರವಾಗಿ ಇಲ್ಲಿಗೆ ಜೋಡಿಸಿದರೆ ಕಾಲು ಸುಡಬಹುದು. ಸಂಕೇತದ ತಂತಿಗೆ 10 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 20 ಕಿಲೋಓಮ್ ಹಾಕಿ, ನಡುವಿನ ಬಿಂದುವನ್ನು ಚಿಪ್ಪಿಗೆ ಕೊಡಿ; 5 ವೋಲ್ಟ್ ಇಳಿದು ಸುಮಾರು 3.3 ಆಗುತ್ತದೆ. ಜಿಪಿಐಒ 6ರಿಂದ 11ರವರೆಗಿನ ಕಾಲುಗಳು ಒಳಗಿನ ಫ್ಲ್ಯಾಶ್ ಮೆಮೊರಿಗೆ ಸೇರಿವೆ, ಮುಟ್ಟಬೇಡಿ. ಜಿಪಿಐಒ 12 ಏಳುವ ಹೊತ್ತಿಗೆ ಮೇಲ್ಮಟ್ಟದಲ್ಲಿದ್ದರೆ ಬೋರ್ಡ್ ಏಳುವುದೇ ಇಲ್ಲ. 34, 35, 36, 39 ಒಳಬರುವ ಸಂಕೇತಕ್ಕೆ ಮಾತ್ರ, ಅವುಗಳಿಂದ ದೀಪ ಬೆಳಗಿಸಲಾಗದು. ವೈ-ಫೈ ನಡೆಯುವಾಗ ಎರಡನೆಯ ಎಡಿಸಿಗೆ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಘಟಕ) ಸೇರಿದ ಕಾಲುಗಳಿಂದ ವೋಲ್ಟೇಜ್ ಅಳೆಯಲಾಗುವುದಿಲ್ಲ, ಅಳತೆಗೆ 32ರಿಂದ 39ರ ನಡುವಿನವನ್ನೇ ಆರಿಸಿ.

ಕಿಟ್ ಜೊತೆ ಬಂದ ಮಣ್ಣಿನ ತೇವದ ಎರಡು ಕಡ್ಡಿಯ ಸೆನ್ಸರ್ ಬಗ್ಗೆಯೂ ಕೇಳಿದ್ದೀರಿ. ತೋಟದಲ್ಲಿ ನೆಟ್ಟು ಸದಾ ವಿದ್ಯುತ್ ಹರಿಸಿದರೆ ಅದರ ಲೋಹ ಕೊರೆದುಹೋಗುತ್ತದೆ. ಮೇಜಿನ ಮೇಲಿನ ಪಾಠಕ್ಕೆ ಇಟ್ಟುಕೊಳ್ಳಿ. ಅದರ ಬದಲು ಒಂದು ಒಳ್ಳೆಯ ಮಲ್ಟಿಮೀಟರ್ ಕೊಳ್ಳಿ. ರೆಸಿಸ್ಟರ್, ಕೆಪಾಸಿಟರ್ ಟಿವಿ ರಿಪೇರಿಯ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ನಮ್ಮ ಕಡೆಯೇ ಸಿಗುತ್ತವೆ; ಬೇರೆ ಮಾಡ್ಯೂಲ್ ಬೇಕಾದರೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲಿ ಕಣ್ಣಾರೆ ನೋಡಿ ತರಬಹುದು.

ಈಗ ಬೋರ್‌ವೆಲ್. ಸ್ಟಾರ್ಟರ್ ಪೆಟ್ಟಿಗೆಯೊಳಗಿರುವುದು 415 ವೋಲ್ಟ್. ಅಲ್ಲಿಗೆ ಒಬ್ಬರೇ ಕೈಹಾಕಬೇಡಿ, ಬಲ್ಲ ಎಲೆಕ್ಟ್ರಿಷಿಯನ್ ಜೊತೆಗಿರಲಿ, ಮೇನ್ ಇಳಿಸಿ ಮೀಟರಿನಿಂದ ಖಾತ್ರಿ ಮಾಡಿಕೊಂಡ ಮೇಲೆಯೇ ಕೆಲಸ. ಈ ಒಂದು ವಿಷಯದಲ್ಲಿ ನನ್ನಿಂದ ಯಾವ ರಿಯಾಯಿತಿಯೂ ಇಲ್ಲ.

ಫೇಸ್ ಬಂದದ್ದನ್ನು ತಿಳಿಯಲು ನಾನು ಹೇಳುವ ಸುರಕ್ಷಿತ ದಾರಿ, ಒಳ್ಳೆಯ ಗುಣಮಟ್ಟದ ಮೂರು ಮೊಬೈಲ್ ಚಾರ್ಜರ್‌ಗಳು. ಪ್ರತಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಒಂದೊಂದು, ಪ್ರತಿಯೊಂದಕ್ಕೂ ಒಂದೊಂದು ಫ್ಯೂಸ್. ಹೊರಬರುವ 5 ವೋಲ್ಟನ್ನು ಮೇಲೆ ಹೇಳಿದ ಎರಡು ರೆಸಿಸ್ಟರ್ ಮೂಲಕ ಚಿಪ್ಪಿಗೆ ಕೊಡಿ. ನಿಮ್ಮ ಕಡೆಗೂ ಲೈನಿಗೂ ನಡುವೆ ಚಾರ್ಜರಿನೊಳಗಿನ ಟ್ರಾನ್ಸ್‌ಫಾರ್ಮರ್ ತಡೆಗೋಡೆಯಾಗಿರುತ್ತದೆ. ಮೂರೂ ಬೇಕೇ ಎಂದು ನೀವು ಕೇಳಬಹುದು. ಬೇಕು. ಒಂದು ಫೇಸ್ ಬಂದ ಮಾತ್ರಕ್ಕೆ ತ್ರೀ ಫೇಸ್ ಬಂದಂತಲ್ಲ, ಹಳ್ಳಿಗಳಲ್ಲಿ ಸಿಂಗಲ್ ಫೇಸ್ ಇರುವ ಹೊತ್ತೇ ಹೆಚ್ಚು. ಆದರೆ ಇಂಥ ಚಾರ್ಜರ್ 100 ವೋಲ್ಟಿನಿಂದಲೇ ಕೆಲಸ ಮಾಡುವುದರಿಂದ ಇದು ಫೇಸ್ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ, ವೋಲ್ಟೇಜ್ ಕಡಿಮೆ ಇರುವುದನ್ನು ಹೇಳುವುದಿಲ್ಲ. ಅದನ್ನು ಮರೆತು ಇದರ ಮಾತಿನ ಮೇಲೆ ಮೋಟರ್ ಚಾಲೂ ಮಾಡುವಂತೆ ಜೋಡಿಸಬಾರದು.

ಮೋಟರ್ ನೀರೆತ್ತುತ್ತಿದೆಯೇ ಎಂಬುದಕ್ಕೆ ತಂತಿಯ ಸುತ್ತ ಕ್ಲಿಪ್ಪಿನಂತೆ ಕೂರುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಬಳಸಿ. ಎಸ್‌ಸಿಟಿ-013-030 ಎಂಬುದು 30 ಆಂಪಿಯರಿಗೆ 1 ವೋಲ್ಟ್ ಕೊಡುತ್ತದೆ. 5 ಎಚ್‌ಪಿ ಮೋಟರ್ ಎಳೆಯುವ 8-10 ಆಂಪಿಯರಿಗೆ ಅದು ಸಾಕು. ಕ್ಲಿಪ್ ಒಂದೇ ತಂತಿಯ ಮೇಲಿರಲಿ. ಮೂರು ತಂತಿಯನ್ನೂ ಸೇರಿಸಿ ಹಿಡಿದರೆ ಮೂರರ ಮೊತ್ತ ಶೂನ್ಯವಾಗಿ ಏನೂ ಕಾಣದು. ಬರುವ ಸಂಕೇತ ಸೊನ್ನೆಯ ಮೇಲೂ ಕೆಳಗೂ ಆಡುತ್ತದೆ, ಚಿಪ್ಪಿಗೆ ಸೊನ್ನೆಯ ಕೆಳಗಿನದು ಓದಲು ಬಾರದು. ಆದ್ದರಿಂದ ಎರಡು ಸಮ ರೆಸಿಸ್ಟರ್‌ಗಳಿಂದ 3.3 ವೋಲ್ಟಿನ ಅರ್ಧವನ್ನು ಮಾಡಿ, ಕ್ಲಿಪ್ಪಿನ ಒಂದು ತುದಿಯನ್ನು ಆ ಬಿಂದುವಿಗೆ ಸೇರಿಸಿ, ಇನ್ನೊಂದನ್ನು ಜಿಪಿಐಒ 34ಕ್ಕೆ ಕೊಡಿ. ನಮ್ಮ ವಿದ್ಯುತ್ 50 ಹರ್ಟ್ಸ್, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಹತ್ತು ಸುತ್ತುಗಳಾದರೂ ಅಳೆದು ಆರ್‌ಎಂಎಸ್ (ಏರಿಳಿಯುವ ಕರೆಂಟಿನ ಪರಿಣಾಮಕಾರಿ ಬೆಲೆ) ತೆಗೆಯಿರಿ.

ಈ ಅಳತೆಗೆ ನಮ್ಮ ಜಿಲ್ಲೆಗಳಲ್ಲಿ ಬಹಳ ಬೆಲೆಯಿದೆ. ಬೋರ್‌ನಲ್ಲಿ ನೀರು ಇಳಿದು ಪಂಪು ಗಾಳಿ ಎಳೆಯಲು ಶುರುವಾದರೆ ಮೋಟರಿನ ಮೇಲಿನ ಹೊರೆ ತಗ್ಗಿ ಕರೆಂಟ್ ಕಡಿಮೆಯಾಗುತ್ತದೆ. ಅದನ್ನು ಆಗಲೇ ಕಂಡು ನಿಲ್ಲಿಸಿದರೆ ಮೋಟರ್ ಉಳಿಯುತ್ತದೆ. ಸುಟ್ಟ ಮೋಟರ್ ಮೇಲೆತ್ತಿ ರೀವೈಂಡಿಂಗ್ ಮಾಡಿಸುವ ಖರ್ಚು ಏನೆಂದು ನಿಮ್ಮ ತಂದೆಯವರಿಗೆ ಗೊತ್ತಿರುತ್ತದೆ. ಆದರೂ ಶುರುವಿನಲ್ಲಿ ತಾನಾಗಿ ಆಫ್ ಮಾಡುವ ಜೋಡಣೆ ಬೇಡ. ಕೆಲವು ವಾರ ಬರೀ ನೋಡಿ, ಬರೆದಿಟ್ಟುಕೊಳ್ಳಿ. ನೀರು ಚೆನ್ನಾಗಿರುವಾಗ ಎಷ್ಟು, ಕಡಿಮೆಯಾದಾಗ ಎಷ್ಟು ಎಂಬುದು ನಿಮ್ಮ ಬೋರ್‌ನಿಂದಲೇ ತಿಳಿಯಬೇಕು.

ಸುದ್ದಿ ಮನೆಗೆ ತಲುಪಿಸುವುದು ಕೊನೆಯ ಹಂತ. ತೋಟದಲ್ಲಿ ವೈ-ಫೈ ಇರುವುದಿಲ್ಲ. ಮೊಬೈಲ್ ಜಾಲದಲ್ಲಿ ಸಂದೇಶ ಕಳಿಸುವ ಅಗ್ಗದ ಜಿಎಸ್‌ಎಂ ಮಾಡ್ಯೂಲ್ ಎಂದು ಎಸ್‌ಐಎಂ800 ಕೊಳ್ಳುವ ಮೊದಲು ಯೋಚಿಸಿ: ಅದು 2ಜಿ ಮಾತ್ರ, ಜಿಯೊ ಸಿಮ್ ಅದರಲ್ಲಿ ನಡೆಯದು, ಮೇಲಾಗಿ ಕ್ಷಣಕಾಲ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಮನೆ ಹತ್ತಿರವಿದ್ದರೆ ನನ್ನ ಒಲವು ಲೋರಾ ಎಂಬ ಕಡಿಮೆ ವಿದ್ಯುತ್ತಿನ ರೇಡಿಯೊ ಕಡೆಗೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ರೇಡಿಯೊ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ, ತಿಂಗಳ ರೀಚಾರ್ಜೂ ಇಲ್ಲ. ಕೊಳ್ಳುವಾಗ 433 ಮೆಗಾಹರ್ಟ್ಸ್‌ನದು ಬಾರದಂತೆ ನೋಡಿಕೊಳ್ಳಿ.

ಬೋರ್‌ನಿಂದ ಮನೆಗೆ ಎಷ್ಟು ದೂರ, ನಡುವೆ ದಿಣ್ಣೆ ಇದೆಯೇ ಅಥವಾ ಅಡಿಕೆ ಸಾಲೇ ಇದೆಯೇ, ನ್ಯೂಟ್ರಲ್ ತಂತಿ ಸ್ಟಾರ್ಟರ್‌ವರೆಗೆ ಬಂದಿದೆಯೇ ಎಂಬುದನ್ನು ನೋಡಿ ಬರೆಯಿರಿ. ಜೊತೆಗೆ, ಕೇಬಲ್ ಬದಲಿಸಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಂಡ ಹೆಸರನ್ನು ಇದ್ದದ್ದು ಇದ್ದ ಹಾಗೆ ಹಾಕಿ. ಮುಂದಿನದನ್ನು ಅಲ್ಲಿಂದ ಹೇಳುತ್ತೇನೆ.