ನಾಯಿಗೆ ತುಳು ತಿಳಿಯುತ್ತದೆ. ಅದಕ್ಕೆ ಭಾಷೆಯೂ ಇದೆಯೇ?

ಪ್ರಶ್ನೆ: ನಮ್ಮ ಮನೆಯ ನಾಯಿ ‘ಬಲ’ ಎಂದರೆ ಓಡಿ ಬರುತ್ತದೆ, ‘ಪೋಲ’ ಎಂದರೆ ಜಗಲಿಯಿಂದಿಳಿದು ಹೋಗುತ್ತದೆ. ಅಂಗಳಕ್ಕೆ ಬೆಕ್ಕು ಬಂದರೆ ಕಾಗೆಗಳು ಕೂಗಿ ಒಂದನ್ನೊಂದು ಎಚ್ಚರಿಸುತ್ತವೆ. ಹಾಗಾದರೆ ಮನುಷ್ಯರ ಮಾತಿನಲ್ಲಿ ಹೆಚ್ಚಿನದೇನಿದೆ?
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಪ್ರಾಣಿಗಳ ನಡುವೆ ಸಂವಹನವಿದೆ ಎಂಬುದರಲ್ಲಿ ಸಂದೇಹವಿಲ್ಲ, ಅದು ಬರೀ ಭಯದ ಅಥವಾ ಸಿಟ್ಟಿನ ಕೂಗೂ ಅಲ್ಲ. ಆಫ್ರಿಕಾದ ವರ್ವೆಟ್ ಮಂಗಗಳು ಚಿರತೆ, ಹದ್ದು, ಹಾವು ಈ ಮೂರಕ್ಕೂ ಬೇರೆ ಬೇರೆ ಕೂಗು ಹಾಕುತ್ತವೆ. ರಾಬರ್ಟ್ ಸೈಫರ್ತ್, ಡೊರೊಥಿ ಚೇನಿ ಮತ್ತು ಪೀಟರ್ ಮಾರ್ಲರ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶತ್ರುವೇ ಇಲ್ಲದ ಕಡೆ ಆ ಕೂಗುಗಳ ಧ್ವನಿಮುದ್ರಣವನ್ನಷ್ಟೇ ಕೇಳಿಸಿದಾಗಲೂ ಮಂಗಗಳು ಚಿರತೆಯ ಕೂಗಿಗೆ ಮರವೇರಿದವು, ಹದ್ದಿನ ಕೂಗಿಗೆ ಆಕಾಶ ನೋಡಿದವು, ಹಾವಿನ ಕೂಗಿಗೆ ನೆಲ ನೋಡಿದವು. ಮರಿಗಳು ಉದುರುವ ಎಲೆಗೂ ಹದ್ದಿನ ಕೂಗು ಹಾಕುವುದುಂಟು. ನಾಲ್ಕು ಕಾಲಿನದ್ದೆಲ್ಲವನ್ನೂ ‘ಅಂಬೆ’ ಎನ್ನುವ ಮಗುವನ್ನು ಕಂಡವರಿಗೆ ಇದು ಹೊಸದೆನಿಸದು.

ಇನ್ನೂ ಅಚ್ಚರಿಯದು ಜೇನು. ನಮ್ಮ ಅಡಿಕೆ ತೋಟಗಳಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆಯನ್ನೇ ನೋಡಿ. ಹೂವು ಕಂಡು ಮರಳಿದ ನೊಣ ಪೆಟ್ಟಿಗೆಯ ಕತ್ತಲಲ್ಲಿ, ನೇತಾಡುವ ಎರಿಯ ಮೇಲೆ, ಹಿಂಭಾಗವನ್ನು ಅಲುಗಿಸುತ್ತ ನೇರ ಓಡಿ, ಸುತ್ತಿ ಬಂದು, ಮತ್ತೆ ಅದೇ ಜಾಡಿನಲ್ಲಿ ಓಡುತ್ತದೆ. ಓಟ ನೇರ ಮೇಲ್ಮುಖವಾಗಿದ್ದರೆ ಹೂವು ಸೂರ್ಯನ ದಿಕ್ಕಿನಲ್ಲಿದೆ. 40 ಡಿಗ್ರಿ ಬಲಕ್ಕೆ ವಾಲಿದ್ದರೆ ಸೂರ್ಯನಿಂದ ಅಷ್ಟೇ ಬಲಕ್ಕಿದೆ. ಅಲುಗಾಟ ದೀರ್ಘವಾದಷ್ಟೂ ದೂರ ಹೆಚ್ಚು. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಕಣ್ಣೆದುರಿಲ್ಲದ್ದನ್ನು ಜೇನು ತಿಳಿಸಬಲ್ಲದು ಎಂಬುದನ್ನು ನಾವು ಗೌರವದಿಂದ ಒಪ್ಪಿಕೊಳ್ಳಬೇಕು. ಆದರೆ ಹೂವು ಎಷ್ಟು ಎತ್ತರದಲ್ಲಿದೆ ಎಂದು ಹೇಳುವ ದಾರಿ ಆ ನೃತ್ಯದಲ್ಲಿಲ್ಲ. ‘ನಿನ್ನೆ ಇತ್ತು, ಇಂದು ಇಲ್ಲ’ ಎನ್ನುವುದಕ್ಕೂ ಅಲ್ಲಿ ಎಡೆಯಿಲ್ಲ.

ವ್ಯತ್ಯಾಸವಿರುವುದು ಇಲ್ಲಿಯೇ. ‘ಬ್’ ಎಂಬ ಧ್ವನಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ‘ಅಲೆ’ಯ ಮುಂದೆ ಕೂತರೆ ಅದೇ ‘ಬಲೆ’ಯಾಗುತ್ತದೆ, ಸ್ವರವೊಂದು ಬದಲಾದರೆ ‘ಬೆಲೆ’ಯಾಗುತ್ತದೆ. ಮಲ್ಪೆ ಬಂದರಿನಲ್ಲಿ ದಿನವಿಡೀ ಕೇಳಿಬರುವ ಮೂರು ಮಾತುಗಳು ಹೀಗೆ ಬೆರಳೆಣಿಕೆಯ ಧ್ವನಿಗಳಿಂದ ಹುಟ್ಟಿವೆ. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಹಾಕೆಟ್ 1960ರಲ್ಲಿ ಪಟ್ಟಿ ಮಾಡಿದ ಭಾಷೆಯ ಲಕ್ಷಣಗಳಲ್ಲಿ ಇದೂ ಒಂದು. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಪದಗಳನ್ನು ಮತ್ತೆ ಪೋಣಿಸಿ, ‘ಗಾಳಿ ನಿಲ್ಲದಿದ್ದರೆ ನಾಳೆ ದೋಣಿ ಇಳಿಸುವುದು ಬೇಡ’ ಎಂದು ಮೀನುಗಾರರೊಬ್ಬರು ಹೇಳಿದಾಗ, ಇನ್ನೂ ಬಾರದ ದಿನ, ಆಗಬಹುದಾದ ಸಂಗತಿ, ಮಾಡದೆ ಬಿಡುವ ಕೆಲಸ ಎಲ್ಲವೂ ಒಂದೇ ವಾಕ್ಯದಲ್ಲಿ ಸೇರುತ್ತವೆ. ಜಪಾನಿನ ಪುಟ್ಟ ಹಕ್ಕಿಯೊಂದು ಎರಡು ಕೂಗುಗಳನ್ನು ನಿಶ್ಚಿತ ಕ್ರಮದಲ್ಲಿ ಜೋಡಿಸುತ್ತದೆಂದು 2016ರಲ್ಲಿ ವರದಿಯಾಯಿತು, ನಿಜ. ಆದರೂ ಇಂತಹ ವಾಕ್ಯ ಅಲ್ಲಿಂದ ಬಹಳ ದೂರವಿದೆ.

ಇನ್ನೊಂದು ಭೇದ ಕಲಿಕೆಯದು. ‘ಬೆಕ್ಕು’ ತುಳುವಿನಲ್ಲಿ ‘ಪುಚ್ಚೆ’. ಆ ಪ್ರಾಣಿಗೂ ಆ ಸದ್ದಿಗೂ ಸಹಜ ನಂಟೇನೂ ಇಲ್ಲ, ಮಗು ಅದನ್ನು ಸುತ್ತಲಿನವರಿಂದಲೇ ಕಲಿಯಬೇಕು.

ನಿಮ್ಮ ನಾಯಿ ಪದಗಳನ್ನು ಗುರುತಿಸುತ್ತಿರುವುದು ಸಾಧ್ಯವೇ. ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿ ಸಾವಿರಕ್ಕೂ ಹೆಚ್ಚು ಆಟಿಕೆಗಳ ಹೆಸರು ಕಲಿತಿತ್ತು. ಆದರೆ ನಿಮ್ಮ ನಾಯಿ ಓಗೊಡುವುದು ಪದಕ್ಕೋ ನಿಮ್ಮ ದನಿ, ಕೈಸನ್ನೆಗಳಿಗೋ ಎಂದು ತಿಳಿಯಲು, ಒಂದು ಸಂಜೆ ಕೈ ಕಟ್ಟಿ ನಿಂತು, ‘ಬಲ’ ಎಂದು ಕರೆಯುವ ಅದೇ ಅಕ್ಕರೆಯ ದನಿಯಲ್ಲಿ ‘ಪೋಲ’ ಎಂದು ಹೇಳಿ ನೋಡಿ.