ಅಮೆರಿಕನ್ನರ ಮತ್ತು ಬ್ರಿಟಿಷರ ದಿನನಿತ್ಯದ ಬದುಕಿನಲ್ಲಿ ನಗು ತರಿಸುವ ವ್ಯತ್ಯಾಸಗಳು ಯಾವುವು?

ಇಬ್ಬರೂ ಇಂಗ್ಲಿಷ್ ಆಡುವವರು, ಹಾಗಾದರೆ ಬದುಕೂ ಹೆಚ್ಚುಕಡಿಮೆ ಒಂದೇ ಇರಬೇಕಲ್ಲವೇ ಎಂದು ಕೇಳಿದ್ದೀರಿ. ಇಂಗ್ಲೆಂಡಿನ ಉತ್ತರ ಭಾಗದ ಲೀಡ್ಸ್‌ನಲ್ಲಿ ನಾಲ್ಕು ವರ್ಷ, ಆಮೇಲೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರು ವರ್ಷ ಇದ್ದವನಾಗಿ ಹೇಳುತ್ತೇನೆ: ಭಾಷೆ ಒಂದೇ ಆಗಿರುವುದರಿಂದಲೇ ಇಷ್ಟು ನಗು ಹುಟ್ಟುವುದು. ಜರ್ಮನಿಗೆ ಹೋದವರು ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಇವರಿಬ್ಬರು ತಿಳಿಯಿತು ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ.

ಲೀಡ್ಸ್‌ನ ನಮ್ಮ ಕಚೇರಿಗೆ ಅಮೆರಿಕದ ಓಹಾಯೋದಿಂದ ಒಬ್ಬ ಸಹೋದ್ಯೋಗಿ ಬಂದಿದ್ದರು. ಬೆಳಿಗ್ಗೆ ಎದುರಾದವರೆಲ್ಲ ಅವರಿಗೆ ‘ಯೂ ಆಲ್‌ರೈಟ್?’ ಎನ್ನುತ್ತಿದ್ದರು. ಮೂರನೆಯ ದಿನ ಅವರು ನನ್ನ ಮೇಜಿನ ಬಳಿ ಬಂದು, ದನಿ ತಗ್ಗಿಸಿ, ‘ನನ್ನ ಮುಖ ಬಾಡಿದಂತೆ ಕಾಣುತ್ತಿದೆಯೇ? ಎಲ್ಲರೂ ವಿಚಾರಿಸುತ್ತಿದ್ದಾರೆ’ ಎಂದರು. ಅವರ ಊರಿನಲ್ಲಿ ಆ ಮಾತನ್ನು ಎಡವಿ ಬಿದ್ದವರಿಗೆ, ಕಣ್ಣೀರು ಹಾಕುತ್ತಿರುವವರಿಗೆ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಅದು ನಮ್ಮ ‘ಊಟ ಆಯಿತೇ?’ ಇದ್ದ ಹಾಗೆ. ಕೇಳಿದವರು ಉತ್ತರಕ್ಕೆ ಕಾಯುತ್ತಾ ನಿಲ್ಲುವುದಿಲ್ಲ. ಅದೇ ವಾರ ಆ ಸಹೋದ್ಯೋಗಿ ಬರೆದ ವರದಿಯನ್ನು ಓದಿ ಮ್ಯಾನೇಜರ್ ‘ಕ್ವೈಟ್ ಗುಡ್’ ಎಂದಾಗ ಅವರು ಹಿಗ್ಗಿದರು. ಅಮೆರಿಕನ್ನರ ಕಿವಿಗೆ ಅದು ‘ಬಹಳ ಚೆನ್ನಾಗಿದೆ’. ಮ್ಯಾನೇಜರ್ ಹೇಳಿದ್ದು ‘ಪರವಾಗಿಲ್ಲ’. ನಮ್ಮ ಈ ಪದ ಆ ಜಾಗದಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ!

ಒಂದೇ ಒಂದು ವ್ಯತ್ಯಾಸ ಆರಿಸಿ ಎಂದರೆ ಮಾತ್ರ ನಾನು ಚಹಾದ ನೀರನ್ನೇ ಆರಿಸುತ್ತೇನೆ. ಅಮೆರಿಕದಲ್ಲಿ ಎಷ್ಟೋ ಜನ ಕಪ್ಪಿಗೆ ತಣ್ಣೀರು ಸುರಿದು, ಮೈಕ್ರೋವೇವ್‌ನಲ್ಲಿಟ್ಟು ಬಿಸಿಮಾಡಿ, ಅದರೊಳಗೆ ಚಹಾ ಚೀಲ ಇಳಿಬಿಡುತ್ತಾರೆ. ಓಹಾಯೋದ ಗೆಳೆಯರು ಹೀಗೆ ಮಾಡಿದ ದಿನ ಕಚೇರಿಯ ಅಡುಗೆಕೋಣೆ ಸಾವಿನ ಮನೆಯಂತೆ ಮೌನವಾಯಿತು. ‘ಇವರಿಗೆ ಚಹಾದ ಗಂಧವೇ ಇಲ್ಲ’ ಎಂದು ಆಮೇಲೆ ಆಡಿಕೊಂಡರು. ಅದು ಅನ್ಯಾಯ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಕಾರಣ ಇರುವುದು ಗೋಡೆಯ ಪ್ಲಗ್ ಪಾಯಿಂಟ್‌ನಲ್ಲಿ. ಬ್ರಿಟನ್ನಿನ ವಿದ್ಯುತ್ ನಮ್ಮಂತೆಯೇ 230 ವೋಲ್ಟ್. ಅಲ್ಲಿನ ಕೆಟಲ್ 3,000 ವಾಟ್‌ವರೆಗೂ ಎಳೆದುಕೊಳ್ಳುತ್ತದೆ, ಒಂದು ಲೀಟರ್ ನೀರು ಎರಡು ನಿಮಿಷದಲ್ಲಿ ಕುದಿಯುತ್ತದೆ. ಅಮೆರಿಕದ ಸಾಮಾನ್ಯ ಪ್ಲಗ್ ಪಾಯಿಂಟ್‌ನಲ್ಲಿ ಬರುವುದು 120 ವೋಲ್ಟ್, ಕೆಟಲ್‌ಗೆ ಸಿಗುವುದು ಸುಮಾರು 1,500 ವಾಟ್. ಸಮಯ ಇಮ್ಮಡಿಯಾಗುತ್ತದೆ. ಒಂದು ಕಪ್ಪಿಗಾಗಿ ಯಾರು ಕಾಯುತ್ತಾರೆ? ಸಾಲದ್ದಕ್ಕೆ, ಅಲ್ಲಿಯವರು ಹೆಚ್ಚಾಗಿ ಕುಡಿಯುವುದು ಐಸ್ ಹಾಕಿದ ಚಹಾ.

‘ಟೀ’ ಎಂಬ ಪದವೂ ಓಹಾಯೋದ ಗೆಳೆಯರನ್ನು ಬಿಡಲಿಲ್ಲ. ಆರು ಗಂಟೆಗೆ ಟೀಗೆ ಬನ್ನಿ ಎಂದು ಕರೆದರೆಂದು, ಹೊಟ್ಟೆ ತುಂಬ ಊಟ ಮುಗಿಸಿಕೊಂಡು ಹೋದರು. ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಟೀ ಎಂದರೆ ಸಂಜೆಯ ಊಟ. ಮೇಜಿನ ಮೇಲೆ ಹುರಿದ ಕೋಳಿ, ಆಲೂಗಡ್ಡೆ, ಬಟಾಣಿ, ಪಾತ್ರೆ ತುಂಬ ಗ್ರೇವಿ. ಮನೆಯೊಡತಿಗೆ ಬೇಸರವಾಗಬಾರದೆಂದು ಎಲ್ಲವನ್ನೂ ಉಂಡರು, ಒಳ್ಳೆಯ ಮನುಷ್ಯ.

ಅಂಗಡಿಯ ವಿಷಯಕ್ಕೆ ಬಂದರೆ ಪೇಚು ಅಟ್ಲಾಂಟಿಕ್‌ನ ಆಚೆ ದಡದಲ್ಲಿ. ಬ್ರಿಟನ್ನಿನಲ್ಲಿ ಚೀಟಿಯ ಮೇಲೆ 10 ಪೌಂಡ್ ಎಂದಿದ್ದರೆ ಕೊಡುವುದೂ 10 ಪೌಂಡ್. ತೆರಿಗೆ ಅದರೊಳಗೇ ಸೇರಿದೆ. ನ್ಯೂಜೆರ್ಸಿಯಲ್ಲಿ 10 ಡಾಲರ್‌ನ ಗೋಡೆ ಗಡಿಯಾರಕ್ಕೆ ಕೌಂಟರಿನಲ್ಲಿ 10 ಡಾಲರ್ 66 ಸೆಂಟ್ ಆಗುತ್ತದೆ. ಲೀಡ್ಸ್‌ನಿಂದ ನಮ್ಮ ಮನೆಗೆ ಬಂದ ಗೆಳತಿಯೊಬ್ಬರು ಸರಿಯಾಗಿ ಹತ್ತರ ನೋಟನ್ನು ಚಾಚಿಕೊಂಡು ನಿಂತೇ ಇದ್ದರು. ಇದಕ್ಕೂ ಕಾರಣವಿದೆ: ತೆರಿಗೆಯ ದರ ರಾಜ್ಯ ರಾಜ್ಯಕ್ಕೆ, ಎಷ್ಟೋ ಕಡೆ ಊರೂರಿಗೆ ಬೇರೆ. ಮಹಡಿ ಎಣಿಸುವುದೂ ಬೇರೆಯೇ. ಬ್ರಿಟಿಷರಿಗೂ ಬೆಂಗಳೂರಿನವರಿಗೂ ಗ್ರೌಂಡ್ ಫ್ಲೋರ್ ಆಗಿರುವುದು ಅಮೆರಿಕನ್ನರಿಗೆ ಫಸ್ಟ್ ಫ್ಲೋರ್.

ಓಹಾಯೋದ ಗೆಳೆಯರು ಹಿಂದಿರುಗುವ ಹೊತ್ತಿಗೆ ಚಹಾಕ್ಕೆ ಮನಸೋತಿದ್ದರು. ಕೆಟಲನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟಿದ್ದವರನ್ನು ನಾನೇ ತಡೆದೆ. 120 ವೋಲ್ಟ್‌ನಲ್ಲಿ ಅದರ ಶಕ್ತಿ ಕಾಲು ಭಾಗಕ್ಕೆ ಇಳಿದುಬಿಡುತ್ತದೆ. ಈಗ ಗ್ಯಾಸ್ ಒಲೆಯ ಮೇಲೆ, ಕುದಿದಾಗ ಸೀಟಿ ಹೊಡೆಯುವ ಕೆಟಲ್ ಇಟ್ಟು ನೀರು ಕಾಯಿಸುತ್ತಾರೆ. ಸೀಟಿ ಕೇಳಿದರೆ ಅವರ ನಾಯಿ ಅಡುಗೆಮನೆಗೆ ಓಡಿಬರುತ್ತದೆಯಂತೆ, ಬಿಸ್ಕತ್ತಿಗಾಗಿ.