ಹಿಮ ಬೀಳುವ ಊರಲ್ಲಿ ಆರ್ಕಿಡ್ ಬೆಳೆಸಬಹುದಾ?

ಅಮೆರಿಕದ ಮಿನ್ನೆಸೋಟಾ ರಾಜ್ಯಕ್ಕೆ ಬಂದು ಒಂದು ಚಳಿಗಾಲ ಕಳೆದಿದ್ದೀರಿ. ತಿಂಗಳುಗಟ್ಟಲೆ ಮಣ್ಣೇ ಕಾಣದ ಊರಲ್ಲಿ ತೋಟದ ಆಸೆ ಬಿಟ್ಟುಬಿಡಬೇಕಾ ಎಂದು ಕೇಳಿದ್ದೀರಿ. ಜೂನ್ ಕೊನೆಯಲ್ಲಿ ರಸ್ತೆ ಪಕ್ಕದ ಜೌಗಿನಲ್ಲಿ ಬಿಳಿ-ಗುಲಾಬಿ ಆರ್ಕಿಡ್ ನೋಡಿದೆ, ಒಂದು ಬುಡ ಅಗೆದು ತರಬಹುದಾ ಎಂದೂ ಕೇಳಿದ್ದೀರಿ.

ಅಗೆಯುವ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ದಯವಿಟ್ಟು ಬೇಡ. ನೀವು ನೋಡಿದ್ದು ಸಿಪ್ರಿಪೀಡಿಯಂ ರೆಜಿನೆ, ಲೇಡೀಸ್ ಸ್ಲಿಪರ್ ಎಂದು ಕರೆಯುವ, ಚಪ್ಪಲಿಯಂಥ ಹೂವಿನ ಆರ್ಕಿಡ್‌ಗಳಲ್ಲಿ ಒಂದು ಜಾತಿ. 1902ರಿಂದ ಇದು ಈ ರಾಜ್ಯದ ಹೂವು. 1925ರಿಂದ ಕಾನೂನಿನ ರಕ್ಷಣೆಯೂ ಇದೆ. ಕಾಡಿನಲ್ಲಿ ಬೀಜದಿಂದ ಮೊದಲ ಹೂವಿಗೆ 16 ವರ್ಷದವರೆಗೂ ಹಿಡಿಯಬಹುದು. ಅಗೆದು ತಂದ ಗಿಡ ಹೆಚ್ಚಾಗಿ ಬದುಕುವುದೂ ಇಲ್ಲ. ಇನ್ನೊಂದು ವಿಷಯ, ಅದರ ಕಾಂಡ-ಎಲೆಯ ಮೇಲಿನ ರೋಮ ತಾಗಿದರೆ ಕೆಲವರಿಗೆ ಚರ್ಮ ಕೆಂಪಾಗಿ ತುರಿಸುತ್ತದೆ. ಮಕ್ಕಳಿದ್ದರೆ ಹೇಳಿಡಿ.

ಇನ್ನು ತೋಟದ ಆಸೆ. ಬಿಡಬೇಡಿ. ನೀವು ಬೈಯುತ್ತಿರುವ ಈ ಚಳಿಯೇ ಆ ಗಿಡಕ್ಕೆ ಬೇಕು. ಶರತ್ಕಾಲದಲ್ಲಿ ಎಲೆ ಒಣಗಿ, ಮಣ್ಣೊಳಗೆ ಬೇರು ಮತ್ತು ಮೊಗ್ಗು ಮಾತ್ರ ಉಳಿಯುತ್ತವೆ. ಸುಮಾರು ಮೂರು ತಿಂಗಳು ಗಟ್ಟಿ ಚಳಿ ಸಿಗದಿದ್ದರೆ ಆ ಮೊಗ್ಗು ಸರಿಯಾಗಿ ಏಳುವುದಿಲ್ಲ. ಬೆಚ್ಚಗಿನ ಊರಿನವರು ಎಷ್ಟು ಆಸೆಪಟ್ಟರೂ ಅಂಗಳದಲ್ಲಿ ಬೆಳೆಸಲಾಗದ ಗಿಡ ಇದು. ನಿಮಗೆ ಆ ಚಳಿ ಬಾಗಿಲಲ್ಲೇ ಸಿಗುತ್ತಿದೆ, ಅಲ್ವಾ?

ಮೊದಲಿಗೆ ಜೀಸೆಲಾ ಎಂಬ ಸಿಪ್ರಿಪೀಡಿಯಂ ಮಿಶ್ರತಳಿ ತೆಗೆದುಕೊಳ್ಳಿ. ಪಾರ್ವಿಫ್ಲೋರಂ ಮತ್ತು ಮ್ಯಾಕ್ರಾಂಥೋಸ್ ಜಾತಿಗಳನ್ನು ಕೂಡಿಸಿ ಮಾಡಿದ್ದು. ಮೂಲ ಜಾತಿಗಳಿಗಿಂತ ಸಲೀಸಾಗಿ ಒಗ್ಗಿಕೊಳ್ಳುತ್ತದೆ, ಬೇಗ ಪೊದೆ ಕಟ್ಟುತ್ತದೆ. ಕಾಡಿನಲ್ಲಿ ಗುಲಾಬಿ ಬಣ್ಣದ ಅಕೌಲೆ ಎಂಬ ಇನ್ನೊಂದು ಜಾತಿ ನೋಡಿ ಮನಸೋಲಬೇಡಿ. ಅದಕ್ಕೆ ತುಂಬಾ ಹುಳಿ ಮಣ್ಣು ಬೇಕು, ತೋಟದಲ್ಲಿ ಉಳಿಸುವುದು ಕಷ್ಟ. ಕೊಳ್ಳುವಾಗ ಲ್ಯಾಬಿನಲ್ಲಿ ಬೀಜದಿಂದ ಬೆಳೆಸಿದ್ದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಜಾಗದ ವಿಷಯ ದೊಡ್ಡದಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು. ಮಣ್ಣಿನಲ್ಲಿ ನೀರು ನಿಲ್ಲಬಾರದು, ಪೂರ್ತಿ ಒಣಗಲೂಬಾರದು. ದಪ್ಪ ಮರಳು, ಪರ್ಲೈಟ್, ಪ್ಯೂಮಿಸ್‌ನಂಥ ಹಗುರ ಕಲ್ಲಿನ ಹರಳು ಜಾಸ್ತಿ ಇರಲಿ, ಗೊಬ್ಬರ ಬಹಳ ತೆಳುವಾಗಿರಲಿ. ಬೇರನ್ನು ಆಳಕ್ಕೆ ಇಳಿಸದೆ ಅಡ್ಡಡ್ಡ ಹರಡಿ. ಮೊಗ್ಗಿನ ತುದಿಯ ಮೇಲೆ ತೆಳ್ಳಗೆ ಮಣ್ಣು ಬಂದರೆ ಸಾಕು. ಬಾಡಿಗೆ ಮನೆಯಲ್ಲಿದ್ದೀರಿ ಎಂದು ಸುಮ್ನೆ ಕಾಯಬೇಡಿ. ಕುಂಡದಲ್ಲಿ ನೆಟ್ಟು, ಕುಂಡವನ್ನೇ ಕಂಠದವರೆಗೆ ನೆಲದಲ್ಲಿ ಹೂತಿಡಿ. ಮನೆ ಬದಲಿಸುವಾಗ ಎತ್ತಿಕೊಂಡು ಹೋಗಬಹುದು. ಹೊರಗೆ ಒಂಟಿಯಾಗಿಟ್ಟ ಕುಂಡ ಮಾತ್ರ ಜನವರಿಯಲ್ಲಿ ಬೇರುಸಮೇತ ಕಲ್ಲಾಗಿಬಿಡುತ್ತದೆ.

ತಳಿ ಮಾಡುವ ಕೆಲಸ ಶುರುವಾದರೆ ಈ ದೇಶದ ವಸಂತವೇ ಬೇರೆ ಥರ ಕಾಣುತ್ತದೆ. ಹೂವನ್ನು ಹತ್ತಿರದಿಂದ ನೋಡಿ. ಮುಂದೆ ಉಬ್ಬಿದ ಚೀಲ, ಅದರ ಅಂಚು ಒಳಕ್ಕೆ ಮಡಚಿರುತ್ತದೆ. ಜೇನ್ನೊಣ ಒಳಗಿಳಿದರೆ ಬಂದ ದಾರಿಯಲ್ಲಿ ಹೊರಬರಲಾಗದು. ಮಕರಂದವೂ ಇಲ್ಲ. ಹಿಂಬದಿಯ ಇಕ್ಕಟ್ಟಿನ ಕಿಂಡಿಯಲ್ಲೇ ನುಸುಳಬೇಕು. ಆಗ ಮೊದಲು ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗಕ್ಕೆ, ಬೆನ್ನು ಉಜ್ಜುತ್ತದೆ, ಆಮೇಲೆ ಪರಾಗ ಅಂಟುತ್ತದೆ. ಹಾಗಾಗಿ ಅದು ಹೊತ್ತೊಯ್ಯುವ ಪರಾಗ ಮುಂದಿನ ಹೂವಿಗೇ ಸೇರುತ್ತದೆ. ಎಂಥ ಲೆಕ್ಕಾಚಾರ ನೋಡಿ! ಆ ಜೇನಿನ ಕೆಲಸವನ್ನು ನಾವು ಹಲ್ಲುಕಡ್ಡಿಯಿಂದ ಮಾಡುತ್ತೇವೆ. ತಾಯಿ ಹೂವಿನ ಚೀಲ ಕತ್ತರಿಸಿದರೆ ಒಳಗಿನದೆಲ್ಲ ಕಾಣುತ್ತದೆ. ತಂದೆ ಹೂವಿನಲ್ಲಿ ಎರಡೂ ಪಕ್ಕ ಅಂಟಂಟಾದ ಹಳದಿ ಪರಾಗ ಇರುತ್ತದೆ, ಅದನ್ನು ಕಡ್ಡಿ ತುದಿಯಲ್ಲಿ ತೆಗೆದು ಶಲಾಕಾಗ್ರದ ಅಡಿಭಾಗಕ್ಕೆ ಸವರಿ. ಚೀಟಿ ಕಟ್ಟಿ ತಾಯಿಯ ಹೆಸರು ಮೊದಲು ಬರೆಯಿರಿ.

ಕಾಯಿ ಕಟ್ಟಿದ ಮೇಲೆ ಬೀಜ ಹಿಟ್ಟಿನಷ್ಟು ಸಣ್ಣದು, ಒಳಗೆ ಆಹಾರವೇ ಇಲ್ಲ. ಕಾಡಿನಲ್ಲಿ ಮಣ್ಣಿನ ಶಿಲೀಂಧ್ರ ಅದನ್ನು ಸಾಕುತ್ತದೆ. ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆತ ಪೋಷಕ ಮಾಧ್ಯಮದಲ್ಲೂ ಆರ್ಕಿಡ್ ಬೀಜ ಮೊಳೆಸಬಹುದೆಂದು ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು. ಲ್ಯಾಬಿನ ಗಾಜಿನ ಫ್ಲಾಸ್ಕ್‌ನಲ್ಲಿ ಬೆಳೆಸುವ ಇಂದಿನ ಸಸಿಗಳಿಗೆ ಅದೇ ಬುನಾದಿ. ಸಿಪ್ರಿಪೀಡಿಯಂ ಬೀಜ ಪೂರ್ತಿ ಬಲಿತರೆ ಮೊಂಡು ಹಿಡಿಯುತ್ತದೆ. ಅದಕ್ಕೇ ಕಾಯಿ ಹಸಿರಿರುವಾಗಲೇ, ಪರಾಗ ಹಚ್ಚಿದ ಆರೆಂಟು ವಾರದಲ್ಲಿ ಕಿತ್ತು, ಶುದ್ಧ ಮಾಡಿ ಬಿತ್ತುವವರೇ ಹೆಚ್ಚು. ಕತ್ತಲಲ್ಲಿ ಮೊಳೆತ ಸಸಿಗೆ ಮೂರು ತಿಂಗಳು ಫ್ರಿಜ್ ವಾಸ, ಆಮೇಲೆ ವಸಂತದಲ್ಲಿ ಮಣ್ಣು. ಹೂವಿಗೆ ಮತ್ತೆ ಕೆಲವು ವರ್ಷ. ಈ ಭಾಗವನ್ನು ಸೌಕರ್ಯ ಇರುವವರಿಗೆ ಕಾಯಿ ಕಳಿಸಿ ಮಾಡಿಸಿಕೊಳ್ಳಬಹುದು. ಹೊಸ ನಾಡಲ್ಲಿ ನನಗೆ ಗಟ್ಟಿ ಸ್ನೇಹಗಳು ಸಿಕ್ಕಿದ್ದು ಇಂಥ ಕೊಡುಕೊಳ್ಳುವಿಕೆಯಲ್ಲೇ.

ಏಪ್ರಿಲ್‌ನಲ್ಲಿ ಏನೂ ಕಾಣಲಿಲ್ಲವೆಂದು ಕೆದಕಿ ನೋಡಬೇಡಿ, ಎಳೆ ಮೊಗ್ಗು ಮುರಿಯುತ್ತದೆ. ನೆಟ್ಟ ಕಡೆ ಒಂದು ಕಡ್ಡಿ ಚುಚ್ಚಿಡಿ. ಮೊದಲ ವರ್ಷ ಹೂವು ಬರದಿದ್ದರೂ ಎಲೆ ತಾನಾಗಿ ಒಣಗುವವರೆಗೆ ಕತ್ತರಿಸಬೇಡಿ. ಮುಂದಿನ ಮೊಗ್ಗಿಗೆ ಊಟ ಅಲ್ಲಿಂದಲೇ.

ನನ್ನ ಜೀಸೆಲಾ ಬುಡ ಒಡೆಯುವಷ್ಟು ದಟ್ಟವಾಗಿದೆ. ಸೆಪ್ಟೆಂಬರ್ ಕೊನೆಯಲ್ಲಿ ಮನೆಗೆ ಬನ್ನಿ. ಮೂರು ಮೊಗ್ಗಿರುವ ತುಂಡೊಂದನ್ನು ನಿಮಗೆ ಎತ್ತಿಡುತ್ತೇನೆ.